ಪಾತ್ರೆಯ ತಳದ ತುಂಡುಗಳು

ನಾನಿರುವುದು ಐರ್ಲೆಂಡಿನ ಲೂಕನ್‌ನಲ್ಲಿ, ಮಗಳ ಮನೆಯಲ್ಲಿ. ಮೊಮ್ಮಗಳು ಸಂಜೆ ನನ್ನ ಪಕ್ಕದಲ್ಲೇ ಕೂತು ಓದುತ್ತಾಳೆ. ಒಮ್ಮೆ ಪಾಠದಲ್ಲಿದ್ದ ಒಂದು ಒರಟು ಮಣ್ಣಿನ ಬಟ್ಟಲಿನ ಚಿತ್ರ ತೋರಿಸಿದಳು. ಜಗತ್ತಿನ ಮೊದಲ ನಗರಗಳು ಎದ್ದ ಇರಾಕಿನ ನೆಲದಲ್ಲಿ ಇಂಥವು ರಾಶಿರಾಶಿ ಸಿಕ್ಕಿವೆಯಂತೆ. ಗೋಡೆ ಕಟ್ಟಿದವರಿಗೆ, ಕಾಲುವೆ ತೋಡಿದವರಿಗೆ ಆಳುವವರು ಇದರಲ್ಲೇ ಧಾನ್ಯ ಅಳೆದು ಕೊಡುತ್ತಿದ್ದರೆಂದು ಊಹೆ. ಹತ್ತನೇ ತರಗತಿಗೆ ಓದು ಬಿಟ್ಟ ನನಗೆ ಒಂದೇ ಪ್ರಶ್ನೆ ಕಾಡಿತು. ಅರಸ ತಾನೇ ಬಂದು ಬಟ್ಟಲು ತುಂಬಿರಲಾರ. ಹಾಗಾದರೆ ತುಂಬುತ್ತಿದ್ದವನು ಯಾರು? ಅವನ ಕೈ ಎಲ್ಲರಿಗೂ ಒಂದೇ ಸಮ ಇಳಿಯುತ್ತಿತ್ತೇ? ಮೊಮ್ಮಗಳನ್ನೇ ಕೇಳಿದೆ. ಟೀಚರ್ ಅದನ್ನು ಹೇಳಿಲ್ಲ ಎಂದಳು.

ಅದೇ ವಾರ ಈದ್ ಬಂತು. ಇಲ್ಲಿಯ ಕನ್ನಡದ ಮುಸ್ಲಿಂ ಕುಟುಂಬಗಳು ಸೇರಿ ಒಂದು ಹಾಲ್ ಹಿಡಿದಿದ್ದೆವು. ಹಿರಿಯನೆಂದು ಬಿರಿಯಾನಿ ಬಡಿಸಲು ನನ್ನನ್ನು ನಿಲ್ಲಿಸಿದರು. ಬಿರಿಯಾನಿಯಲ್ಲಿ ಮೇಲೆ ಅನ್ನ, ತಳದಲ್ಲಿ ಮಾಂಸ. ಬಡಿಸುವ ತಟ್ಟೆಯನ್ನು ಅಂಚಿನಿಂದ ಇಳಿಸಿ ಬಗೆದರೆ ತುಂಡು ಬರುತ್ತದೆ. ಮೇಲೆ ಸವರಿದರೆ ಬರೀ ಅನ್ನ.

ಅಳಿಯನ ಮ್ಯಾನೇಜರ್ ಬಂದಾಗ ನನ್ನ ಕೈ ತಳಕ್ಕೆ ಹೋಯಿತು. ಸ್ವಂತ ಮನೆ ಕೊಂಡವರಿಗೂ ಹಾಗೆಯೇ. ಬಸ್ಸಿನಲ್ಲಿ ಬಂದ ವಿದ್ಯಾರ್ಥಿಗಳಿಗೆ ಮೇಲಿನ ಅನ್ನವನ್ನಷ್ಟೇ ಸವರಿದೆ. ಹೀಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಕೊನೆಗೆ ಬಂದವಳು ಕಲಬುರಗಿಯ ವಿದ್ಯಾರ್ಥಿನಿ, ಬೆಳಗಿನಿಂದ ಈರುಳ್ಳಿ ಹೆಚ್ಚಿದವಳು. ತಳ ಕೆರೆದರೂ ಅವಳಿಗೆ ಸಿಕ್ಕಿದ್ದು ಸೀದ ಅನ್ನ.

“ಸಾಕು ಅಂಕಲ್, ಗ್ರ್ಯಾಂಡ್,” ಎಂದು ಎಲ್ಲದಕ್ಕೂ ಹಾಗೆನ್ನುವ ಇಲ್ಲಿಯವರಂತೆ ನಕ್ಕಳು.

ನನ್ನ ಪಕ್ಕ ನಿಂತು ರಾಯತ ಹಾಕುತ್ತಿದ್ದ ಮೊಮ್ಮಗಳು ನಗಲಿಲ್ಲ. ಕಾರಿನಲ್ಲಿ ಕೇಳಿದಳು:

“ನಾನಾ, ಆ ಅಕ್ಕಂಗೆ ಮಟನ್ ಯಾಕೆ ಹಾಕ್ಲಿಲ್ಲ?”

“ಖಾಲಿ ಆಗಿತ್ತಮ್ಮ.”

“ಅಬ್ಬಾನ ಬಾಸ್‌ಗೆ ಎರಡು ಸಲ ಕೆಳಗಿಂದ ತೆಗೆದ್ರಿ. ನಾನು ನೋಡ್ದೆ.”

ಅಳಿಯ ರೇಡಿಯೊ ಜೋರು ಮಾಡಿದ.

ಮರುದಿನದಿಂದ ಅವಳು ಪುಸ್ತಕ ಹಿಡಿದು ಮಹಡಿಗೆ ಹೋಗತೊಡಗಿದಳು. ನಮಾಜಿನಲ್ಲಿ ಅಲ್ಲಾಹನ ಮುಂದೆ ತಪ್ಪಿಗೆ ತೌಬಾ ಕೇಳುವುದು ನನಗೆ ಸುಲಭವಾಯಿತು. ಅವಳ ಬಾಗಿಲು ತಟ್ಟುವುದು ಕಷ್ಟವಾಯಿತು. ಕೊನೆಗೆ ಹೋಗಿ, ನೀನು ಕಂಡದ್ದು ನಿಜ, ಖಾಲಿಯಾಯಿತೆಂದು ನೆಪ ಹೇಳಿದೆ, ಖಾಲಿ ಮಾಡಿದ್ದು ನಾನೇ, ನನ್ನ ಕೈ ಮುಖ ನೋಡಿ ಇಳಿಯಿತು ಎಂದು ಒಪ್ಪಿಕೊಂಡೆ. ಅವಳು ಪಾಠದ ಆ ಬಟ್ಟಲಿನ ಚಿತ್ರ ತೆರೆದಳು.

“ಆ ಬೌಲ್ ತುಂಬ್ತಿದ್ದವನೂ ಹಿಂಗೇ ಮಾಡ್ತಿದ್ನಾ?”

“ಗೊತ್ತಿಲ್ಲಮ್ಮ. ಅವನಿಗೂ ಒಬ್ಬ ಅಳಿಯ ಇದ್ದಿರಬಹುದು.”

ಆಗ ನಕ್ಕಳು. ಮಾರನೆಯ ಸಂಜೆ ಪುಸ್ತಕ ಕೆಳಗಿಳಿದು ಬಂತು.

ಮುಂದಿನ ಈದ್‌ಗೆ ಬಡಿಸುವ ತಟ್ಟೆಯನ್ನು ಅವಳ ಕೈಗೆ ಕೊಡಿಸಿದೆ. ಅಡುಗೆಗೆ ದುಡಿದವರನ್ನು ಅವಳು ಮೊದಲು ಕರೆದಳು. ನಾನು ಸಾಲಿನ ಕೊನೆಯಲ್ಲಿ ನಿಂತು ಅವಳ ಕೈಯನ್ನೇ ನೋಡುತ್ತಿದ್ದೆ. ನನ್ನ ಸರದಿ ಬಂದಾಗ ಆ ಕೈ ತಳದತ್ತ ಇಳಿಯಿತು. ಅರ್ಧದಲ್ಲಿ ನಿಂತಿತು. ಅವಳು ನನ್ನ ಮುಖ ನೋಡಿದಳು.

ಮೇಲಿನದೇ ಹಾಕಮ್ಮ ಎಂದೆ.