ಬಿಟ್ಟುಹೋದ ಗುಡ್ಡ

ಮಗಳು ನನ್ನ ಫೋನಿಗೆ ಹಳೆಯ ಕಾದಂಬರಿಯೊಂದನ್ನು ಹಾಕಿಕೊಟ್ಟಿದ್ದಾಳೆ. ಯಾರೋ ಗಂಭೀರ ದನಿಯಲ್ಲಿ ಓದುತ್ತಾರೆ, ನಾವು ಕೇಳುತ್ತ ಕೂತರಾಯಿತು. ಬೇಸರವಾದರೆ ಮೂವತ್ತು ಸೆಕೆಂಡು ಮುಂದಕ್ಕೆ ಹಾರಿಸುವ ಬಟನ್ನೂ ಉಂಟು. ಅದನ್ನವಳು ಹೊಸ ಸೋಜಿಗವೆಂಬಂತೆ ತೋರಿಸಿದಳು. ಆ ವಿದ್ಯೆ ತೊಂಬತ್ತರ ದಶಕದಲ್ಲೇ ಮೂಡಿಗೆರೆಯಲ್ಲಿ ನನಗೆ ಕರಗತವಾಗಿತ್ತೆಂದು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಕಳಸದಲ್ಲಿದ್ದ ನನ್ನ ಅತ್ತಿಗೆಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಯಿತು. ನನಗೆ ಓದಿನ ಹುಚ್ಚು ಹಿಡಿಸಿದವರೇ ಅವರು. ಸಾರು ಕುದಿಯುವಷ್ಟರಲ್ಲಿ ನಾಲ್ಕು ಪುಟ ಮುಗಿಸುತ್ತಿದ್ದರು. ಅವರ ಪುಸ್ತಕಗಳಿಗೆಲ್ಲ ಒಗ್ಗರಣೆಯ ವಾಸನೆ. ಅಣ್ಣ ಓದಿ ಹೇಳಬಹುದಿತ್ತು, ಆದರೆ ಅವನು ಪೇಪರಿನಲ್ಲಿ ಕಾಳುಮೆಣಸಿನ ರೇಟು ಬಿಟ್ಟು ಬೇರೇನನ್ನೂ ಓದಿದವನಲ್ಲ.

"ಕಣ್ಣು ಹೋದದ್ದಕ್ಕಿಂತ ಪುಸ್ತಕ ಹೋದದ್ದೇ ಕಷ್ಟ ಮಾರಾಯ" ಎಂದರು ಅತ್ತಿಗೆ. ನಾನು ಉದಾರಿಯಾದೆ. ಅವರು ಮೂರು ನಾಲ್ಕು ಸಲ ಓದಿದ್ದ, ಅವರಿಗೆ ಬಲು ಪ್ರಿಯವಾದ ಆರುನೂರು ಪುಟದ ಕಾದಂಬರಿಯನ್ನು ಕ್ಯಾಸೆಟ್ಟಿಗೆ ಓದಿ ಕಳಿಸುತ್ತೇನೆಂದೆ.

ಆಫೀಸು ಮುಗಿಸಿ ಬಂದು ಟೇಪ್ ರೆಕಾರ್ಡರಿನ ಮುಂದೆ ಕೂರುತ್ತಿದ್ದೆ. ಮೊದಮೊದಲು ನನ್ನ ದನಿಗೆ ನಾನೇ ಮರುಳಾಗಿದ್ದೆ. ಪಾತ್ರ ಅತ್ತರೆ ನಾನೂ ಗದ್ಗದಿತನಾಗುತ್ತಿದ್ದೆ. ತುಂಬಿದ ಕ್ಯಾಸೆಟ್ಟನ್ನು ಕಳಸದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಅತ್ತಿಗೆಗೆ ಮುಟ್ಟುತ್ತಿತ್ತು. ಕೇಳಿ ಮುಗಿದದ್ದು ಅದೇ ಬಸ್ಸಿನಲ್ಲಿ ವಾಪಸು ಬರುತ್ತಿತ್ತು, ಅದರ ಮೇಲೆಯೇ ಮುಂದಿನ ಭಾಗ ಓದುತ್ತಿದ್ದೆ. ಐದನೇ ಕಂತಿನ ಹೊತ್ತಿಗೆ ಗಂಟಲು ಕಟ್ಟಿತು, ಔದಾರ್ಯವೂ ಇಳಿಯಿತು. ಕಾದಂಬರಿಕಾರರು ಗುಡ್ಡ, ಕಾಡು, ಮಂಜು ಎಂದು ಹತ್ತು ಹತ್ತು ಪುಟ ಬರೆದಿದ್ದರು. ಬಯಲುಸೀಮೆಯವರಿಗಾದರೆ ಸರಿ, ನಮಗೇಕೆ? ಕಿಟಕಿ ತೆರೆದರೆ ಕಾಣುವುದು ಅದೇ ತಾನೇ. ಹಾರಿಸಿದೆ. ಕತೆ ಇನ್ನಷ್ಟು ಚುರುಕಾಯಿತೆಂದೇ ನನ್ನ ಅಭಿಪ್ರಾಯವಾಗಿತ್ತು.

ಒಂದು ದಿನ, ವಾಪಸು ಬಂದ ಕ್ಯಾಸೆಟ್ಟು ಹಾಕಿ ರೆಕಾರ್ಡ್ ಒತ್ತುವ ಬದಲು ಪ್ಲೇ ಒತ್ತಿದೆ. ಅತ್ತಿಗೆಯ ದನಿ ಬಂತು.

"ಗುಡ್ಡ ಹತ್ತೋ ಭಾಗ ಬಿಟ್ಟಿದ್ದೀಯಲ್ಲ. ಹತ್ತದೇ ಅವರೆಲ್ಲ ಆಚೆ ಕಡೆ ಇಳಿದಿದ್ದು ಹ್ಯಾಗೆ ಮಾರಾಯ?" ಎಂದು ನಕ್ಕರು. ಮತ್ತೆ ಮುಂದುವರಿಸಿದರು: "ನಿಂಗೆ ಕಿಟಕಿ ತೆಗೆದ್ರೆ ಗುಡ್ಡ ಕಾಣ್ತದೆ. ನಂಗೆ ಇನ್ನು ಕಾಣೋದು ಆ ಪುಸ್ತಕದಲ್ಲಿ ಮಾತ್ರ."

ನಾಚಿಕೆಯಾಯಿತು, ಅಳುವೂ ಬಂತು. ಆಗಲೇ ಕೂತು, ಬಿಟ್ಟಿದ್ದ ಪುಟಗಳನ್ನೆಲ್ಲ, ಒಂದು ಹುಲ್ಲುಕಡ್ಡಿಯನ್ನೂ ಬಿಡದೆ, ನಿಧಾನವಾಗಿ ಓದಿ ಕಳಿಸಿದೆ. ಎರಡು ದಿನ ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ನನ್ನನ್ನು ತಡೆದ.

"ಸಾರ್, ನಿಮ್ಮ ಅತ್ತಿಗೆಯವ್ರು ಗುಡ್ಡ ಬಂದು ಮುಟ್ಟಿತು ಅಂತ ಹೇಳಿ ಅಂದ್ರು. ನಾನು ಕೊಟ್ಟಿದ್ದು ಒಂದು ಕ್ಯಾಸೆಟ್ಟು ಅಷ್ಟೇ ಸಾರ್."

ಅತ್ತಿಗೆ ತೀರಿಕೊಂಡು ವರ್ಷಗಳಾದವು. ಈಗ ಫೋನಿನಲ್ಲಿ ಯಾರ್ಯಾರದೋ ದನಿ ಕೇಳುತ್ತೇನೆ, ಗುಡ್ಡ ಬಂದರೆ ಪೂರ್ತಿ ಹತ್ತಿಯೇ ಇಳಿಯುತ್ತೇನೆ. ಅತ್ತಿಗೆಯ ದನಿ ಮಾತ್ರ ನನ್ನ ಬಳಿ ಇಲ್ಲ. ಆ ದಿನ ಮನೆಯಲ್ಲಿ ಬೇರೆ ಕ್ಯಾಸೆಟ್ಟಿರಲಿಲ್ಲ; ಬಿಟ್ಟ ಪುಟಗಳನ್ನು ಅವರ ಮಾತಿನ ಮೇಲೆಯೇ ಓದಿಬಿಟ್ಟೆ.