ಕುಂಕುಮ ಬಣ್ಣದ ಕೋಣೆ

ಪಕ್ಕದ ಮನೆಯ ಮಾದಮ್ಮ ನಗುತ್ತಲೇ ಬೈಯುತ್ತಿದ್ದಳು. ಆ ನಗು ಕಂಡರೆ ಕೊಳ್ಳೇಗಾಲದ ನಮ್ಮ ಬೀದಿಯ ಗಂಡಸರು ಸಂದಿಗೆ ನುಗ್ಗುತ್ತಿದ್ದರು. ಊರಿಗೆಲ್ಲ ಟೋಪಿ ಹಾಕಿದ ನಾನು ಬಾಲ ಮುದುರುತ್ತಿದ್ದುದು ಅವಳೊಬ್ಬಳ ಮುಂದೆ.

ಗಂಡ ತೀರಿಕೊಂಡ ಮೇಲೆ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿದಳು. ದಿನವಿಡೀ ಗೂಡು ಬೇಯುವ ಬಿಸಿನೀರಿನಲ್ಲಿ ಕೈ. ಎಂಬತ್ತರ ದಶಕದ ಕೊನೆಯಲ್ಲಿ ಆ ದುಡಿಮೆಯಿಂದಲೇ ಮನೆಗೊಂದು ಕೋಣೆ ಸೇರಿಸಿದಳು. ಧನಗೆರೆಯಿಂದ ಅವಳ ಅಣ್ಣ ನಂಜಪ್ಪ ತಿಳಿನೀಲಿ ಡಿಸ್ಟೆಂಪರ್ ಹೊತ್ತು ಬಂದ.

"ಬೇಯೋ ನೀರಲ್ಲಿ ಇರೋಳು, ಕಣ್ಗೆ ತಂಪಾಗಿರ್ಲಿ ಕಣವ್ವ."

"ನಂಗೆ ಕುಂಕುಮದ ಬಣ್ಣ ಬೇಕು ಕಣಣ್ಣ."

ನಂಜಪ್ಪ ದನಿ ತಗ್ಗಿಸಿದ. "ಗಂಡ ಇಲ್ದೋಳ್ ಕೋಣೆಗೆ ಕುಂಕುಮವಾ? ನೋಡ್ದೋರು ಏನಂದಾರು?"

"ಗಂಡ ಸತ್ತಿರದು ನಂಗೆ. ಗೋಡೆಗಲ್ಲ."

ಇಂಥ ಹೊತ್ತಿನಲ್ಲಿ ನನ್ನ ತಲೆಗೆ ಸಮ ಯಾರಿದ್ದಾರೆ! ಅವಳು ಕೆಲಸಕ್ಕೆ ಹೋದೊಡನೆ ನಂಜಪ್ಪನನ್ನು ಬದಿಗೆ ಕರೆದೆ. "ಒಸ ಗೋಡೆ ನೀಲೀನ ಕುಡ್ದ್ಬುಡ್ತದೆ ಕಣಪ್ಪ. ತಳಕ್ಕೆ ಒಂದ್ ಕೋಟ್ ಕೆಂಪು ಬಳುದ್ರೇನೇ ನಿಲ್ಲದು" ಎಂದೆ. ಪುಣ್ಯಾತ್ಮ ನಂಬಿದ! ಪಂಚೆ ಎತ್ತಿ ಕಟ್ಟಿ, ಮಾದಮ್ಮ ತಂದಿಟ್ಟಿದ್ದ ಕೆಂಪನ್ನು ತಾನೇ ಬಳಿದ. ನಾನು ಹೊರಗೆ ನಿಂತು ಹೊಟ್ಟೆ ಹಿಡಿದು ನಕ್ಕೆ.

ಸಂಜೆ ಬಂದ ಮಾದಮ್ಮ ಮೊದಲು ಬೈದದ್ದು ನನಗೆ. ಅವತ್ತು ಮಾತ್ರ ನಗಲಿಲ್ಲ. "ಲೇ, ನಾನೇನ್ ಕದ್ದು ಬಳಿಸ್ಬೇಕಾ? ನನ್ ಗೋಡೆಗೆ ನಿನ್ ಸುಳ್ಳು ಯಾಕ್ಲಾ?" ಆಮೇಲೆ ಅಣ್ಣನತ್ತ ತಿರುಗಿದಳು. "ಇವ ನಿಂಗೆ ಸುಳ್ಳೇಳವ್ನೆ. ಇದ್ರ ಮೇಲೆ ನೀಲಿ ಬರಕಿಲ್ಲ. ಇದೇ ನನ್ ಬಣ್ಣ."

"ಅಂಗಾರೆ ಈ ಕೋಣೆ ವಸ್ಲು ನಾ ತುಳಿಯಕಿಲ್ಲ."

"ತುಳಿಬ್ಯಾಡ. ಜಗಲಿಗೇ ಕಾಪಿ ತಂದ್ಕೊಡ್ತೀನಿ."

ಹಾಗೇ ಆಯಿತು. ಬಂದಾಗಲೆಲ್ಲ ಆತ ಜಗಲಿಯಲ್ಲೇ ಕುಳಿತ. ಇವಳು ಪ್ರತಿ ಯುಗಾದಿಗೂ ಅದೇ ಬಣ್ಣ ಬಳಿಸಿದಳು.

ವರ್ಷಗಳಾದ ಮೇಲೆ ಮಾದಮ್ಮ ಆ ಕೋಣೆಯಲ್ಲೇ ಕಣ್ಣು ಮುಚ್ಚಿದಳು. ಸೂತಕ ಕಳೆಯಲು ಮನೆಗೆ ಸುಣ್ಣ ಬಳಿಯುವುದು ನಮ್ಮಲ್ಲಿ ವಾಡಿಕೆ. ನಂಜಪ್ಪ ಜಗಲಿ, ಅಡುಗೆಮನೆ ಮುಗಿಸಿ ಕೋಣೆಯ ಬಾಗಿಲಿಗೆ ಬಕೆಟ್ ತಂದ. ನಾನು ಅಡ್ಡ ನಿಂತೆ.

"ಅತ್ಲಾಗ್ ಸರಿಲಾ."

"ಮೊದ್ಲು ನಂಗೆ ಬಳಿ. ಆಮೇಲೆ ಗೋಡೆಗೆ."

ಆತ ನಿಜಕ್ಕೂ ಬ್ರಷ್ ಅದ್ದಿ ನನ್ನ ಅಂಗಿಯ ಮೇಲೆ ಉದ್ದಕ್ಕೊಂದು ಪಟ್ಟೆ ಎಳೆದ. ನಾನು ಅಲುಗಲಿಲ್ಲ. ಆತ ನನ್ನ ಭುಜದಾಚೆಯ ಆ ಕೆಂಪನ್ನು ಬಹಳ ಹೊತ್ತು ನೋಡಿದ. ಆಮೇಲೆ ಮಿಕ್ಕ ಸುಣ್ಣವನ್ನು ಹೊತ್ತುಕೊಂಡು ಹೋಗಿ ಕಾಂಪೌಂಡಿಗೆ ಬಳಿದ.