ಕಾಲಿಡದ ಊರು

ಪತ್ರಿಕಾ ಕಚೇರಿಯಲ್ಲಿ ಆಕೆಗೆ ‘ಸೂಟ್‌ಕೇಸ್ ಮೇಡಂ’ ಎಂದೇ ಹೆಸರು. ಹತ್ತೊಂಬತ್ತು ವರ್ಷ ವಿದೇಶಿ ವರದಿಗಾರ್ತಿ, ಆಮೇಲೆ ಹನ್ನೊಂದು ವರ್ಷ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿ ತಿದ್ದುವ ಕೆಲಸ. ಹಾಗೆ ಕೂರುವಂತಾದದ್ದು ಒಂದೇ ಒಂದು ಪದದಿಂದ.

ಗಂಡ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ದೇಶವಿದೇಶದ ರಾಜಕೀಯವೆಂದರೆ ಅವರಿಗೆ ಅಷ್ಟಕ್ಕಷ್ಟೆ. ಹೆಂಡತಿಯ ವರದಿಯಲ್ಲಿ ಮೊದಲ ಸಾಲಿನ ಊರು, ತಾರೀಖು ಮಾತ್ರ ಓದಿ, “ಅಮ್ಮ ಇಲ್ಲಿದಾಳೆ ನೋಡು” ಎಂದು ಮಗಳಿಗೆ ಭೂಪಟದಲ್ಲಿ ಬೆರಳಿಟ್ಟು ತೋರಿಸುತ್ತಿದ್ದರು. ಮೊಬೈಲ್ ಇಲ್ಲದ ಕಾಲ. ಮನೆಗೆ ಗೊತ್ತಾಗುತ್ತಿದ್ದುದು ಅಷ್ಟೇ.

ಕಾಲಿಡದ ಊರಿನ ಹೆಸರನ್ನು ವರದಿಯ ತಲೆಗೆ ಹಾಕಬಾರದು ಎಂಬುದು ಈ ವೃತ್ತಿಯ ಕಟ್ಟುನಿಟ್ಟು. ಕಿರಿಯರಿಗೆ ಇದನ್ನು ಹೇಳಿ ಹೇಳಿ ಆಕೆ ತಲೆ ತಿನ್ನುತ್ತಿದ್ದಳು.

ಆ ವರ್ಷ ಸೈನ್ಯ ಮುತ್ತಿದ್ದ ಊರೊಂದಕ್ಕೆ ಹೊರಟಳು. ಊರಿಗೆ ಹೋಗುವ ಹೊಳೆಯ ಸೇತುವೆ ಮುಚ್ಚಿತ್ತು. ಈಚೆ ದಡದ ಹೋಟೆಲಿನಲ್ಲಿ ಬೇರೆ ಪತ್ರಿಕೆಯವರೆಲ್ಲ ಟೀ ಕುಡಿಯುತ್ತ ಆಚೆ ಊರಿನ ಹೆಸರು ಹಾಕಿ ಬರೆಯುತ್ತಿದ್ದರು. “ಊರೊಳಗಿಂದ ವರದಿ ಬೇಕು. ಇಲ್ಲಾಂದ್ರೆ ವಾಪಸ್ ಬನ್ನಿ” ಎಂದಿದ್ದರು ಸಂಪಾದಕರು. ಆಚೆಯಿಂದ ತಪ್ಪಿಸಿಕೊಂಡು ಬಂದ ದಾದಿಯೊಬ್ಬಳು ಕಂಡದ್ದನ್ನೆಲ್ಲ ಹೇಳಿದಳು. ವರದಿಯಲ್ಲಿ ಮಿಕ್ಕದ್ದೆಲ್ಲ ನಿಜವೇ, ಒಂದು ಪದ ತಾನೇ ಎಂದು ಆಕೆಯೂ ಆಚೆ ಊರಿನ ಹೆಸರನ್ನೇ ಹಾಕಿದಳು.

ವರದಿ ಅಚ್ಚಾದ ದಿನವೇ ಆ ಊರಿನ ಮೇಲೆ ಬಾಂಬು ಬಿದ್ದವು. ಈಚೆ ದಡದಲ್ಲೂ ಫೋನುಗಳೆಲ್ಲ ಕೆಟ್ಟು ಕೂತವು. ಗಾಬರಿಯಾಗಿ ಕಚೇರಿಗೆ ಓಡಿದ ಮೇಷ್ಟ್ರಿಗೆ, “ಮೇಡಂ ಊರೊಳಗೇ ಇದಾರೆ. ಸುದ್ದಿ ಇಲ್ಲ” ಎಂಬ ಉತ್ತರ ಸಿಕ್ಕಿತು.

ನಾಲ್ಕನೆಯ ದಿನ ಲೈನು ಸಿಕ್ಕಿತು. “ರೀ, ನಾನು” ಎನ್ನುತ್ತಲೇ ಆ ಕಡೆ ಮೇಷ್ಟ್ರು ಬಿಕ್ಕಿ ಬಿಕ್ಕಿ ಅತ್ತರು.

“ಅಳಬೇಡಿ. ನಾನು ಆ ಊರಿಗೆ ಹೋಗೇ ಇರ್ಲಿಲ್ಲ. ಈಚೆ ಹೋಟೆಲಲ್ಲಿದ್ದೆ.”

ಅಳು ನಿಂತಿತು. “ಬದುಕಿದೀಯಲ್ಲ, ಸಾಕು. ಅಮ್ಮ ಅಲ್ಲಿಲ್ಲ, ಪೇಪರ್‌ನೋರು ತಪ್ಪು ಹಾಕಿದಾರೆ ಅಂತ ಮಗಳಿಗೆ ಸುಳ್ಳು ಹೇಳ್ತಿದ್ದೆ ಕಣೇ. ಅವಳು ನಂಬಲೇ ಇಲ್ಲ. ಅಮ್ಮ ಸುಳ್ಳು ಬರೆಯಲ್ಲ ಅಂತ ಅತ್ಕೊಂಡು ಕೂತಿದಾಳೆ. ತಗೋ, ನೀನೇ ಹೇಳು.”

“ಅಮ್ಮಾ, ನೀನು ಆ ಊರಲ್ಲೇ ಇದ್ದೆ ತಾನೇ?”



“ಇಲ್ಲ ಪುಟ್ಟಿ.”

ಮಗಳು ಫೋನನ್ನು ಅಪ್ಪನ ಕೈಗೆ ಕೊಟ್ಟಳು.

ಕಚೇರಿಯಲ್ಲಿ ಯಾರಿಗೂ ಅನುಮಾನವೇ ಬಂದಿರಲಿಲ್ಲ. ಆಕೆ ಅಲ್ಲಿಗೂ ಫೋನ್ ಮಾಡಿ, ತಾನು ಆ ಊರಿಗೆ ಕಾಲಿಟ್ಟಿರಲಿಲ್ಲ ಎಂಬ ತಿದ್ದುಪಡಿಯನ್ನು ಕಣ್ಣೊರೆಸಿಕೊಳ್ಳುತ್ತ ಹೇಳಿ ಬರೆಸಿದಳು.